ಮಳೆ ನೋಡಲು ಹೋದವನು

ಆಷಾಢದ ಮೊದಲ ವಾರದಲ್ಲಿ ಭಾವನವರಿಂದ ಫೋನು ಬಂದಿತು. "ಈ ಸಲ ಮಳೆ ಚೆನ್ನಾಗಿ ಹಿಡಿದಿದೆ. ನೋಡಲು ಬಾ. ಮೂರು ದಿನ ಇದ್ದು ಹೋಗು" ಎಂದರು.

ಭಾವ ನನ್ನನ್ನು ಮಳೆಗಾಲದಲ್ಲಿ ಎಂದೂ ಕರೆದವರಲ್ಲ. ಮಲೆನಾಡಿನ ಮಳೆ ಪೇಟೆಯವರಿಗೆ ಮೊದಲ ದಿನ ಚೆಂದ, ಎರಡನೆಯ ದಿನ ಬೇಸರ, ಮೂರನೆಯ ದಿನ ನೆಗಡಿ ಎಂಬುದು ಅವರ ಹಳೆಯ ಮಾತು. ಅಂಥವರು ಕರೆದರೆಂದು ನನಗೆ ಅಚ್ಚರಿಯಾಯಿತು. ಆದರೆ ನಿವೃತ್ತನಾದವನಿಗೆ ಹೊರಡಲು ಕಾರಣವೇನು ಬೇಕು? ಕೊಡೆ, ಕೋಟು, ಎರಡು ಜೊತೆ ಬಟ್ಟೆ ಕಟ್ಟಿಕೊಂಡು ಬೆಂಗಳೂರಿನಲ್ಲಿ ರಾತ್ರಿಯ ರೈಲು ಹತ್ತಿದೆ.

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ದೊರೆತರೆ ಆ ದಾರಿ ಒಂದು ಹಬ್ಬ. ಗಾಜನೂರಿನ ಅಣೆಕಟ್ಟೆಯ ಮೇಲೆ ತುಂಗೆ ಕೆಂಪಗೆ ಹಾರಿ ಬೀಳುತ್ತಿದ್ದಳು. ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳು ಮಳೆಗೆ ಮೈಯೊಡ್ಡಿ ನಿಂತಿದ್ದವು. ಮಂಡಗದ್ದೆಯಲ್ಲಿ ನದಿಯ ನಡುವಿನ ನಡುಗಡ್ಡೆ ಅರ್ಧ ಮುಳುಗಿ, ಮರಗಳ ತಲೆಗಳಷ್ಟೇ ನೀರಿನ ಮೇಲೆ ಉಳಿದಿದ್ದವು. ಆ ತಲೆಗಳ ತುಂಬ ಬೆಳ್ಳಕ್ಕಿಗಳ ಗೂಡು. ಕೆಳಗೆ ಪ್ರವಾಹ, ಮೇಲೆ ಮಳೆ. ನಡುವೆ ಹಕ್ಕಿಗಳು ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಮರಿಗಳ ಮೇಲೆ ಕುಳಿತಿದ್ದವು. ಬಸ್ಸಿನವರು ದಿನವೂ ನೋಡುವ ನೋಟವದು, ಯಾರೂ ತಲೆಯೆತ್ತಲಿಲ್ಲ. ನಾನು ಮಾತ್ರ ಕತ್ತು ತಿರುಗಿಸಿ, ಕಾಣುವಷ್ಟು ದೂರ ನೋಡಿದೆ.

ತೀರ್ಥಹಳ್ಳಿಯ ಕಮಾನು ಸೇತುವೆಯನ್ನು ದಾಟಿ, ಆಗುಂಬೆಯ ರಸ್ತೆಯಲ್ಲಿ ಇನ್ನೊಂದು ಬಸ್ಸು ಹಿಡಿದು, ಕೈಕಂಬದಲ್ಲಿಳಿದು ಎರಡು ಮೈಲಿ ಕೆಸರು ತುಳಿದಾಗ ಅಕ್ಕಯ್ಯನ ಮನೆ. ಕಾಲಿಗೆ ಹತ್ತಿದ ಉಂಬಳಗಳನ್ನು ಸುಣ್ಣ ಮುಟ್ಟಿಸಿ ಬಿಡಿಸುತ್ತ ಜಗುಲಿಯಲ್ಲಿ ಕುಳಿತೆ. ಒಳಗಿನಿಂದ ಅಕ್ಕಯ್ಯನ ಧ್ವನಿ ಕೇಳಿಸಿತು: "ಬಂದೆಯಾ? ಅಲ್ಲೇ ಇರು. ಬಾಗಿಲು ತೆಗೆಯಬೇಡ. ಅರ್ಧ ಗಂಟೆ."

ಒಡಹುಟ್ಟಿದವನು ವರ್ಷದ ಮೇಲೆ ಬಂದರೂ ಅರ್ಧ ಗಂಟೆ ಹೊರಗೆ ಕಾಯಬೇಕಾದ ಮನೆ ಅದು.

ತೊಟ್ಟಿಲ ಕೊಕ್ಕೆ

ಭಾವನವರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಐದು ವರ್ಷವಾಯಿತು. ಮೊದಲ ವರ್ಷ ವಾರಕ್ಕೆ ಮೂರು ದಿನ ಶಿವಮೊಗ್ಗೆಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದರು. ಯಂತ್ರದ ಮುಂದೆ ನಾಲ್ಕು ಗಂಟೆ, ದಾರಿಯ ಮೇಲೆ ಅದಕ್ಕೂ ಹೆಚ್ಚು. ಮಳೆಗಾಲದಲ್ಲಿ ಒಮ್ಮೆ ಮರ ಬಿದ್ದು ರಸ್ತೆ ಕಟ್ಟಿತು. ಸರದಿ ತಪ್ಪಿ, ಉಸಿರು ಕಟ್ಟಿ, ಬದುಕಿದ್ದೇ ಹೆಚ್ಚಾಯಿತು. ಕೈಯ ರಕ್ತನಾಳವೂ ಕೆಟ್ಟಾಗ ವೈದ್ಯರು, "ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಇದೆ. ಕಲಿಯುವವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿದರಂತೆ. ಅಕ್ಕಯ್ಯ ಪಕ್ಕದಲ್ಲೇ ನಿಂತಿದ್ದಳು. ಬೇರೆ ಯಾರೆಂದು ಯಾರೂ ಯೋಚಿಸಲಿಲ್ಲ.

ಜಗುಲಿಯ ಪಕ್ಕದ ಕೋಣೆಯಲ್ಲಿ ಹಿಂದೆ ಬಿತ್ತನೆಯ ಭತ್ತವನ್ನಿಡುತ್ತಿದ್ದರು. ಈಗ ಅದರ ಗೋಡೆಗೆ ಬಿಳಿಯ ಬಣ್ಣ, ನೆಲಕ್ಕೆ ನುಣುಪು ಕಲ್ಲು, ಕಿಟಕಿಗೆ ಸೊಳ್ಳೆಯ ಬಲೆ. ಒಂದು ಮಂಚ, ಒಂದು ಮೇಜು, ಕೈ ತೊಳೆಯುವ ನಲ್ಲಿ. ತೊಲೆಯಲ್ಲಿ ಒಂದು ಹಳೆಯ ಕಬ್ಬಿಣದ ಕೊಕ್ಕೆ. ಅಕ್ಕಯ್ಯನ ಮಗನ ತೊಟ್ಟಿಲು ತೂಗಿದ್ದು ಆ ಕೊಕ್ಕೆಯಲ್ಲಿ. ಈಗ ಅದರಲ್ಲಿ ದಿನಕ್ಕೆ ನಾಲ್ಕು ಸಲ ನೀರಿನ ಚೀಲ ತೂಗುತ್ತದೆ.

ಓದುಗರಲ್ಲಿ ಹಲವರಿಗೆ ಈ ವಿಧಾನ ಹೊಸದಿರಬಹುದು. ನಮ್ಮ ಹೊಟ್ಟೆಯೊಳಗೆ ಕರುಳುಗಳನ್ನು ಹೊದ್ದುಕೊಂಡಿರುವ ಒಂದು ತೆಳ್ಳನೆಯ ಪೊರೆಯಿದೆ. ಅದರಲ್ಲಿ ನವಿರಾದ ರಕ್ತನಾಳಗಳು ಹಬ್ಬಿವೆ. ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆಯನ್ನು ಶಾಶ್ವತವಾಗಿ ಕೂರಿಸಿ, ಅದರ ಮೂಲಕ ಎರಡು ಲೀಟರಿನಷ್ಟು ಔಷಧದ ನೀರನ್ನು ಒಳಕ್ಕೆ ಬಿಡುತ್ತಾರೆ. ನಾಲ್ಕೈದು ಗಂಟೆ ಅದು ಒಳಗೇ ಇರುತ್ತದೆ. ರಕ್ತದಲ್ಲಿನ ಕಶ್ಮಲ ಪೊರೆಯ ಮೂಲಕ ಆ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಬೆರೆಸಿರುವ ಸಕ್ಕರೆಯ ಅಂಶ ಮೈಯಲ್ಲಿನ ಹೆಚ್ಚಿನ ನೀರನ್ನು ಸೆಳೆದುಕೊಳ್ಳುತ್ತದೆ. ಅನಂತರ ಆ ನೀರನ್ನು ಕೆಳಗಿನ ಖಾಲಿ ಚೀಲಕ್ಕೆ ಇಳಿಸಿ, ಮೇಲಿನ ಚೀಲದಿಂದ ಹೊಸ ನೀರು ತುಂಬಿಸಬೇಕು. ಯಂತ್ರವಿಲ್ಲ, ಸೂಜಿಯಿಲ್ಲ. ನೆಲದ ಸೆಳೆತವೊಂದೇ ಸಾಕು.

ಕೇಳಲು ಬಲು ಸುಲಭ. ಆದರೆ ಕೊಳವೆಯ ತುದಿ ತೆರೆದ ಆ ಒಂದು ಗಳಿಗೆಯಲ್ಲಿ ಬೆರಳೋ ಉಸಿರೋ ಧೂಳೋ ತಾಗಿದರೆ ಹೊಟ್ಟೆಯೊಳಗೆ ನಂಜು. ಆದ್ದರಿಂದ ಬಾಗಿಲು, ಕಿಟಕಿ ಮುಚ್ಚಬೇಕು, ಫ್ಯಾನು ನಿಲ್ಲಿಸಬೇಕು, ಬಾಯಿ ಮೂಗಿಗೆ ಬಟ್ಟೆ ಕಟ್ಟಬೇಕು, ಕೈಯನ್ನು ಬೆರಳ ಸಂದಿಗಳವರೆಗೆ ಸಾಬೂನು ಹಚ್ಚಿ ತೊಳೆಯಬೇಕು. ನಾನು ಜಗುಲಿಯಲ್ಲಿ ಕಾದ ಅರ್ಧ ಗಂಟೆ ಇದರದು.

ನಾಲ್ಕು ಗಂಟೆಗಳ ಹಗ್ಗ

ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತೂವರೆ: ಇವು ಆ ಮನೆಯ ತ್ರಿಕಾಲಗಳು, ಒಂದು ಹೆಚ್ಚು. ಅಕ್ಕಯ್ಯನ ದಿನವೆಲ್ಲ ಈ ನಾಲ್ಕು ಗೂಟಗಳಿಗೆ ಕಟ್ಟಿದ ಹಗ್ಗ. ಹಗ್ಗದ ಉದ್ದ ನಾಲ್ಕು ಗಂಟೆ. ತೀರ್ಥಹಳ್ಳಿಗೆ ಹೋದರೆ ಬಸ್ಸು ತಡವಾದೀತೆಂಬ ಭಯ. ಮದುವೆಗೆ ಹೋದರೆ ಧಾರೆ ಕಂಡು ಊಟಕ್ಕೆ ಕೂರದೆ ಹಿಂದಿರುಗಬೇಕು. ಕ್ರಮೇಣ ಕರೆಯುವವರೂ, "ನಿಮಗೆ ಬರಲಾಗುವುದಿಲ್ಲ, ಗೊತ್ತಿದೆ" ಎಂದು ತಾವೇ ಹೇಳಿ ಹೋಗತೊಡಗಿದರು.

ನಾನು ಲೆಕ್ಕದ ಇಲಾಖೆಯಲ್ಲಿ ಬಾಳು ಸವೆಸಿದವನು. ಸುಮ್ಮನಿರಲಾಗದೆ ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕರಂತೆ ವರ್ಷಕ್ಕೆ 1,460 ಸಲ. ನಾಲ್ಕು ವರ್ಷಕ್ಕೆ 5,840. ಒಂದಕ್ಕೆ 40 ನಿಮಿಷವೆಂದರೂ ಹಗಲಿರುಳು ಸೇರಿ 160 ದಿನಗಳಿಗೂ ಮಿಕ್ಕಿ ಆಕೆ ಆ ಮುಚ್ಚಿದ ಕೋಣೆಯಲ್ಲಿ ನಿಂತಿದ್ದಾಳೆ. ತಿಂಗಳಿಗೆ 120 ಚೀಲ, 240 ಲೀಟರು. ಡಬ್ಬಿಗಳೊಡನೆ ಸುಮಾರು ಎರಡೂವರೆ ಕ್ವಿಂಟಲ್. ಅಡಕೆ ಬೆಳೆಯುವ ಮನೆಯಲ್ಲಿ ಕ್ವಿಂಟಲಿನ ಭಾರ ಎಲ್ಲರಿಗೂ ತಿಳಿದದ್ದೇ. ಮಳೆಗಾಲದಲ್ಲಿ ಲಾರಿ ಮನೆಯವರೆಗೆ ಬಾರದು. ರಸ್ತೆಯಿಂದ ಕೆಲಸದ ಆಳು ಹೊತ್ತು ತರುತ್ತಾನೆ. ಆತ ಬಾರದ ದಿನ ಅಕ್ಕಯ್ಯ ಒಂದೊಂದೇ ಡಬ್ಬಿಯನ್ನು ಸೊಂಟಕ್ಕೆ ಇಟ್ಟುಕೊಂಡು ಬರುತ್ತಾಳೆ.

ಚೀಲವನ್ನು ಮೈಯ ಬಿಸಿಗೆ ತರಬೇಕು, ನೀರಿನಲ್ಲಿ ಮುಳುಗಿಸಕೂಡದು. ವಿದ್ಯುತ್ತಿದ್ದರೆ ಬಿಸಿಯ ಪ್ಯಾಡು. ಮಲೆನಾಡಿನ ಆಷಾಢದಲ್ಲಿ ವಿದ್ಯುತ್ತನ್ನು ನಂಬುವವರಾರು? ಆಗ ಬೆಚ್ಚಗಿನ ಕಂಬಳಿಯಲ್ಲಿ ಸುತ್ತಿಡುತ್ತಾಳೆ. ತೂಕ, ರಕ್ತದ ಒತ್ತಡ, ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಒಂದು ನೋಟುಪುಸ್ತಕದಲ್ಲಿ ಬರೆಯುತ್ತಾಳೆ. ಹನ್ನೊಂದನೆಯ ನೋಟುಪುಸ್ತಕ ನಡೆಯುತ್ತಿತ್ತು.

ಅಡಿಗೆಯೂ ಎರಡು ಬಗೆ. ಭಾವನವರಿಗೆ ಉಪ್ಪು ಕಡಮೆ. ಉಪ್ಪಿನಕಾಯಿ, ಹಪ್ಪಳ ವರ್ಜ್ಯ. ಹೊರಗೆ ಧೋ ಎಂದು ಸುರಿಯುವಾಗ ಹಲಸಿನ ಹಪ್ಪಳ ಸುಡುವ ವಾಸನೆಯಿಲ್ಲದ ಮಲೆನಾಡಿನ ಮನೆಯನ್ನು ನಾನು ಮೊದಲ ಬಾರಿ ಕಂಡೆ. ಅವರು ತಿನ್ನಲಾರದ್ದನ್ನು ಆಕೆ ಸುಡುವುದಿಲ್ಲ. ಈ ವಿಧಾನದಲ್ಲಿ ಮೈಯ ಪ್ರೋಟೀನು ನೀರಿನೊಡನೆ ಹೊರಗೆ ಹೋಗುವುದರಿಂದ ಮೊಟ್ಟೆಯ ಬಿಳಿ ಕೊಡಿರೆಂದು ವೈದ್ಯರು ಹೇಳಿದರು. ಮೊಟ್ಟೆ ಎಂದೂ ಹೊಸ್ತಿಲು ದಾಟದ ಮನೆ ಅದು. ಅಕ್ಕಯ್ಯ ಬಚ್ಚಲ ಒಲೆಯ ಮೇಲೆ ಬೇರೆ ಪಾತ್ರೆಯಿಟ್ಟು ಬೇಯಿಸಿ, ಸುಲಿದು, ಹಳದಿ ತೆಗೆದು ಕೊಡುತ್ತಾಳೆ. ಅನಂತರ ಮಿಂದು ದೇವರಿಗೆ ದೀಪ ಹಚ್ಚುತ್ತಾಳೆ. "ವ್ರತವೊಂದು ಹೆಚ್ಚಾಯಿತು, ಅಷ್ಟೆ" ಎಂದು ನಕ್ಕಳು.

ಆ ನಗೆಯನ್ನು ಕಂಡು ಎಲ್ಲ ಸರಿಯಿದೆಯೆಂದು ನಾನು ತಿಳಿದೆ. ಅಂದು ರಾತ್ರಿ ಒಲೆಯ ಮುಂದೆ ಕೈ ಕಾಸುತ್ತ ಆಕೆಯೇ ಹೇಳಿದಳು: "ಒಮ್ಮೊಮ್ಮೆ ಸಿಟ್ಟು ಬರುತ್ತದೆ ಮಾರಾಯ. ಇವರ ಮೇಲಲ್ಲ. ಇವರು ಏನು ಮಾಡಿಯಾರು? ಯಾರ ಮೇಲೆಂದೇ ತಿಳಿಯುವುದಿಲ್ಲ. ಪಾತ್ರೆ ತೊಳೆಯುವಾಗ ಎತ್ತಿ ಕುಕ್ಕುತ್ತೇನೆ. ಆಮೇಲೆ, ಇವರಿಗೆ ಕೇಳಿಸಿತೋ ಏನೋ ಎಂದು ಅದೇ ಒಂದು ಸಂಕಟ."

ದೂರದ ಊರುಗಳಿಂದ ಬಂದ ಚೀಲ

ನಿದ್ದೆ ಬಾರದೆ ಆ ಚೀಲ ನಡೆದು ಬಂದ ದಾರಿಯನ್ನು ನೆನೆದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲೆಮ್ ಕಾಲ್ಫ್ ಎಂಬ ವೈದ್ಯರು ಮಾಂಸದ ಖಾದ್ಯಕ್ಕೆ ಹೊದಿಕೆಯಾಗಿ ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ಕಟ್ಟಿದರು. ಅದರಿಂದ ಬದುಕಿ ಉಳಿದ ಮೊದಲ ರೋಗಿಯನ್ನು ಕಾಣಲು 1945ರವರೆಗೆ ಕಾಯಬೇಕಾಯಿತು. 1960ರಲ್ಲಿ ಅಮೆರಿಕದ ಸಿಯಾಟಲಿನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯ ರಕ್ತನಾಳಗಳಿಗೆ ಕೊಳವೆ ಜೋಡಿಸಿ, ಇದೇ ಚಿಕಿತ್ಸೆಯನ್ನು ವರ್ಷಗಟ್ಟಲೆ ನಡೆಸಲು ದಾರಿ ಮಾಡಿದರು. 1964ರಲ್ಲಿ ಅದೇ ಊರಿನಲ್ಲಿ, ಚಿಕಿತ್ಸಾ ಕೇಂದ್ರದಲ್ಲಿ ಸ್ಥಳ ದೊರೆಯದ ಒಬ್ಬ ಶಾಲಾ ಬಾಲಕಿಗಾಗಿ ಯಂತ್ರವನ್ನು ಮನೆಗೇ ಒಯ್ದರು. 1976ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಮಾನ್‌ಕ್ರೀಫ್ ಮತ್ತು ಪೊಪೊವಿಚ್ ಈ ಹೊಟ್ಟೆಯ ವಿಧಾನವನ್ನು ರೂಪಿಸಿದರು. ಎರಡು ವರ್ಷದ ಮೇಲೆ ಟೊರಾಂಟೊದಲ್ಲಿ ಗಾಜಿನ ಶೀಷೆಗೆ ಬದಲಾಗಿ ಪ್ಲಾಸ್ಟಿಕ್ ಚೀಲ ಬಂದಿತು. 1991ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟಿತು. ಬಡವರಿಗಾಗಿ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಗೆ 2019ರಲ್ಲಿ ಈ ವಿಧಾನವನ್ನೂ ಸೇರಿಸಿದರು.

ಹೀಗೆ ಆಸ್ಪತ್ರೆ ಹೆಜ್ಜೆ ಹೆಜ್ಜೆಯಾಗಿ ಮನೆಗೆ ಬಂದಿತು. ರೋಗಿಗೆ ಅದು ದೊಡ್ಡ ಉಪಕಾರ. ಆದರೆ ಆಸ್ಪತ್ರೆಯೊಡನೆ ದಾದಿಯ ಪಾಳಿ ಬರಲಿಲ್ಲ, ವಾರದ ರಜೆ ಬರಲಿಲ್ಲ. ಅಲ್ಲಿ ಮೂವರು ಹಂಚಿಕೊಳ್ಳುತ್ತಿದ್ದ ಕೆಲಸ ಇಲ್ಲಿ ಒಬ್ಬಳ ಪಾಲಿಗೆ ಬಂದಿತು. ಹೆಸರು ಮಾತ್ರ 'ಮನೆಯಲ್ಲೇ ಸುಲಭ' ಎಂದಾಯಿತು.

ವೃತ್ತಪತ್ರಿಕೆಯ ಓದು

ಎರಡನೆಯ ದಿನ ಸಂಜೆ ನಾಲ್ಕರ ಚೀಲ ಮುಗಿದ ಮೇಲೆ ಒಂದು ವಿಚಿತ್ರವನ್ನು ಕಂಡೆ. ಹೊರಗೆ ಬಂದ ನೀರಿನ ಚೀಲವನ್ನು ಅಕ್ಕಯ್ಯ ಹಳೆಯ ವೃತ್ತಪತ್ರಿಕೆಯ ಮೇಲಿಟ್ಟು, ಕೆಲಸದವನ ಹತ್ತು ವರ್ಷದ ಮಗಳನ್ನು ಕರೆದಳು. ಹುಡುಗಿ ಚೀಲದೊಳಗಿಂದ ಅಕ್ಷರಗಳನ್ನು ನೋಡಿ ಗಟ್ಟಿಯಾಗಿ ಓದಿದಳು: ಅಡಕೆ ಧಾರಣೆ, ಶಾಲೆಗೆ ರಜೆ, ಗುಡ್ಡ ಕುಸಿತ. ನೀರು ತಿಳಿಯಾಗಿದ್ದರೆ ಕೆಳಗಿನ ಅಕ್ಷರ ಕಾಣುತ್ತದೆ. ಮಬ್ಬಾಗಿದ್ದರೆ ನಂಜಿನ ಮೊದಲ ಸೂಚನೆ, ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಮಗುವಿಗೆ ಓದಿನ ಅಭ್ಯಾಸವೂ ಆಗಲೆಂದು ಅಕ್ಕಯ್ಯ ಹೀಗೆ ಮಾಡುತ್ತಾಳೆಂದು ನಾನು ಮೆಚ್ಚಿಕೊಂಡೆ.

ಮರುದಿನ ಹಳ್ಳ ಉಕ್ಕಿ ಹುಡುಗಿ ಬರಲಿಲ್ಲ. ಅಕ್ಕಯ್ಯ ನನ್ನನ್ನು ಕರೆದು, "ನೀನು ಓದು" ಎಂದಳು. ಓದಿದೆ. "ದಪ್ಪಕ್ಷರವಲ್ಲ, ಸಣ್ಣಕ್ಷರ" ಎಂದಳು. ಅದನ್ನೂ ಓದಿ, "ನೀನೇ ನೋಡಬಹುದಲ್ಲ ಅಕ್ಕಯ್ಯ?" ಎಂದೆ.

ಆಕೆ ಉತ್ತರಿಸಲಿಲ್ಲ. ಚೀಲವನ್ನು ಮಡಿಸತೊಡಗಿದಳು. ಆಕೆಯ ಬೆರಳುಗಳು ಮೇಜಿನ ಅಂಚನ್ನು ತಡಕಿ ಹಿಡಿದುದನ್ನು ಆಗ ಗಮನಿಸಿದೆ. ಬಾಗಿಲ ಬಳಿ ಒಯ್ದು ಕಣ್ಣು ನೋಡಿದೆ. ಎರಡರಲ್ಲೂ ಪೊರೆ. ಬಲಗಣ್ಣಿನದು ಹಾಲಿನಂತೆ ಬಲಿತಿತ್ತು.

"ಎಷ್ಟು ದಿನವಾಯಿತು?"

"ಎರಡು ವರ್ಷ. ಆಪರೇಶನ್ ಮಾಡಿಸಬೇಕೆಂದಿದ್ದಾರೆ. ಆದ ಮೇಲೆ ಭಾರ ಎತ್ತಬಾರದು, ಒಲೆಯ ಹೊಗೆಗೆ ಹೋಗಬಾರದು, ಬಗ್ಗಬಾರದು ಎನ್ನುತ್ತಾರೆ. ಇವರ ಚೀಲ ಯಾರು ಹಾಕುತ್ತಾರೆ? ಕೈಗೆ ಅಭ್ಯಾಸವಿದೆ, ಕತ್ತಲೆಯಲ್ಲೂ ಹಾಕಬಲ್ಲೆ. ನೀರಿನ ಬಣ್ಣ ಒಂದೇ ತಿಳಿಯುವುದಿಲ್ಲ. ನನಗೆ ಎಲ್ಲವೂ ಮಬ್ಬೇ. ಮಳೆಗಾಲ ಕಳೆಯಲಿ, ನೋಡೋಣ."

ಎರಡು ಮಳೆಗಾಲ ಹೀಗೆಯೇ ಕಳೆದಿದ್ದವು. ಮಗನಿಗೆ ಹೇಳಿರಲಿಲ್ಲ: ಕೆಲಸದಲ್ಲಿರುವ ಹುಡುಗ, ಗಾಬರಿಯಾದಾನು. ನನಗೂ ಹೇಳಿರಲಿಲ್ಲ. ಭಾವನವರಿಗಂತೂ ಹೇಳಲೇ ಇಲ್ಲ.

ಆದರೆ ಭಾವ ಬಲ್ಲರು. ಜಗುಲಿಯಲ್ಲಿ ಅವರ ಪಕ್ಕ ಕುಳಿತಾಗ ಮಳೆಯ ಕಡೆಗೇ ನೋಡುತ್ತ ಹೇಳಿದರು: "ಮೊನ್ನೆ ತುಂಬಿದ ಚೀಲವೆಂದು ಖಾಲಿಯದನ್ನು ಕೊಕ್ಕೆಗೆ ಎತ್ತಿದಳು. ನಾನು ಸುಮ್ಮನಿದ್ದೆ. ಗೊತ್ತಾಯಿತೆಂದರೆ ಅವಳ ಧೈರ್ಯ ಹೋಗುತ್ತದೆ. ಅದಕ್ಕೇ ನಿನ್ನನ್ನು ಕರೆದೆ. ಫೋನಿನಲ್ಲಿ ಹೇಳುವಂತಿರಲಿಲ್ಲ, ಅವಳು ಪಕ್ಕದಲ್ಲೇ ಇದ್ದಳು."

ಆಗುಂಬೆಯ ತಿರುವುಗಳು

ಮೂರು ದಿನಕ್ಕೆ ಹೋದವನು ಇಪ್ಪತ್ತೆಂಟು ದಿನ ಉಳಿದೆ. ಸೋದರಳಿಯ ಬೆಂಗಳೂರಿನಿಂದ ಬಂದ. ಆಸ್ಪತ್ರೆಯ ದಾದಿಯೊಬ್ಬರು ಫೋನಿನ ಪರದೆಯಲ್ಲಿ ನಮ್ಮಿಬ್ಬರ ಕೈಗಳನ್ನು ನೋಡುತ್ತ, ಹೆಬ್ಬೆರಳು ತೊಳೆದದ್ದು ಸಾಲದೆಂದು ಮೂರು ಸಲ ಗದರಿಸಿ ಪಾಠ ಹೇಳಿದರು. ಅಕ್ಕಯ್ಯ ಪಕ್ಕದಲ್ಲಿ ನಿಂತು, ನೋಡದೆಯೇ, ಶಬ್ದದಿಂದಲೇ ತಪ್ಪು ಹಿಡಿಯುತ್ತಿದ್ದಳು. "ಮುಚ್ಚಳ ಪೂರ್ತಿ ತಿರುಗಲಿಲ್ಲ" ಎನ್ನುವಳು, ನೋಡಿದರೆ ನಿಜ. ಆರು ದಿನದಲ್ಲಿ ನಮ್ಮ ಕೈ ನಡುಗುವುದು ನಿಂತಿತು.

ಮಗ ತಂದೆಯ ಬಳಿ ಉಳಿದ. ನಾನು ಅಕ್ಕಯ್ಯನನ್ನು ಕರೆದುಕೊಂಡು ಉಡುಪಿಗೆ ಹೊರಟೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಂದು ಅದರ ಬಹುಪಾಲು ನಮ್ಮ ಬಸ್ಸಿನ ಮೇಲೆಯೇ ಸುರಿದಂತಿತ್ತು. ಸೂರ್ಯಾಸ್ತದ ಕಟ್ಟೆಯಲ್ಲಿ ಸೂರ್ಯನೂ ಇಲ್ಲ, ಕಣಿವೆಯೂ ಇಲ್ಲ, ಬರೀ ಬಿಳಿಯ ಮಂಜು. ಸಣ್ಣ ಬಸ್ಸು ಹದಿನಾಲ್ಕು ತಿರುವುಗಳನ್ನು ಒಂದೊಂದಾಗಿ ಇಳಿಯಿತು. "ಇಲ್ಲಿ ಏನೂ ಕಾಣಿಸುವುದಿಲ್ಲ, ಅಲ್ಲವೇ?" ಎಂದು ಅಕ್ಕಯ್ಯ ಕೇಳಿದಳು. "ನನಗೂ ಕಾಣಿಸುವುದಿಲ್ಲ" ಎಂದೆ. ಆಕೆಗೆ ಸಮಾಧಾನವಾದಂತೆ ತೋರಿತು. ಸೋಮೇಶ್ವರಕ್ಕೆ ಇಳಿದಾಗ ಕರಾವಳಿಯ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು.

ಮಳೆಗಾಲದಲ್ಲಿ ಕಣ್ಣಿನ ಆಪರೇಶನ್ ಕೂಡದೆಂಬುದು ಹಳೆಯ ಕಾಲದ ಮಾತೆಂದು ವೈದ್ಯರು ನಕ್ಕರು. ಅರ್ಧ ಗಂಟೆಯೊಳಗೆ ಬಲಗಣ್ಣಿನದು ಮುಗಿಯಿತು. ಅಂದು ರಾತ್ರಿ ವಸತಿಗೃಹದಲ್ಲಿ, ನಾಲ್ಕು ವರ್ಷದಲ್ಲಿ ಮೊದಲ ಬಾರಿ ಪರಸ್ಥಳದಲ್ಲಿ, ಅಕ್ಕಯ್ಯ ಮಲಗಿದಳು. ಒಂಬತ್ತೂವರೆಗೆ ನಲ್ಲಿಯ ಶಬ್ದವಾಯಿತು. ನೋಡಿದರೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೈ ತೊಳೆಯುತ್ತಿದ್ದಾಳೆ, ಬೆರಳ ಸಂದಿಗಳವರೆಗೆ. ನನ್ನನ್ನು ಕಂಡು ನಾಚಿ, ಮಂಚದ ಮೇಲೆ ಕುಳಿತಳು. ಒದ್ದೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು.

ಆಗ ಫೋನು ಬಂದಿತು. "ಅಮ್ಮಾ, ಆಯಿತು. ನೀರು ತಿಳಿಯಾಗಿದೆ. ಓದಲೇ?" ಎಂದು ಮಗ ವೃತ್ತಪತ್ರಿಕೆಯ ಸಣ್ಣಕ್ಷರಗಳನ್ನು ಓದಿದ. ಅಡಕೆ ಧಾರಣೆಯಿಂದ ತೊಡಗಿ ಸಿನಿಮಾ ಜಾಹೀರಾತಿನವರೆಗೆ ಓದಿದ. ಅಕ್ಕಯ್ಯ ಕೇಳುತ್ತ ಕೇಳುತ್ತ ಗೋಡೆಗೊರಗಿ ನಿದ್ದೆ ಹೋದಳು. ಬೆಳಿಗ್ಗೆ ಎಂಟಾದರೂ ಏಳಲಿಲ್ಲ.

ಹಿಂದಿರುಗುವಾಗ

ನಾನು ಹೊರಡುವ ಹೊತ್ತಿಗೆ ಕೋಣೆಯ ಗೋಡೆಯ ಮೇಲೆ ಒಂದು ಹೊಸ ಪಟ್ಟಿ ಬಂದಿತ್ತು. ಭಾನುವಾರದ ನಾಲ್ಕೂ ಚೀಲಗಳ ಎದುರು ಮಗನ ಹೆಸರು. ಎರಡು ವಾರಕ್ಕೊಮ್ಮೆ ಬರುತ್ತಾನೆ. ಬುಧವಾರದ ಹನ್ನೊಂದರದೂ ನಾಲ್ಕರದೂ ಪಕ್ಕದ ಮನೆಯ ಸೊಸೆಯ ಪಾಲಿಗೆ. ಆಕೆ ತಾನೇ ಮುಂದೆ ಬಂದು ಕಲಿತಳು. ಮೂರು ತಿಂಗಳಿಗೊಮ್ಮೆ ಒಂದು ವಾರ ನನ್ನದು. ಉಳಿದದ್ದೆಲ್ಲ ಅಕ್ಕಯ್ಯನದೇ; ಭಾರ ಇಳಿದದ್ದು ಅಲ್ಪ. ಎಡಗಣ್ಣಿನ ಸರದಿ ಇನ್ನೂ ಬಾಕಿಯಿತ್ತು. ಆದರೆ ಒಂದೇ ಹೆಸರಿದ್ದಲ್ಲಿ ನಾಲ್ಕಾದವು.

ಇಂಥ ಮನೆಗಳು ನಮ್ಮ ಬಂಧುಬಳಗದಲ್ಲಿ ಒಂದೋ ಎರಡೋ ಇದ್ದೇ ಇರುತ್ತವೆ. ನಾವು ಹಣ್ಣು ಹಿಡಿದು ಹೋಗಿ, "ಈಗ ಹೇಗಿದ್ದಾರೆ?" ಎಂದು ಮಲಗಿದವರನ್ನು ಕುರಿತು ಕೇಳಿ ಬರುತ್ತೇವೆ. ಬಾಗಿಲು ತೆರೆದವರನ್ನು, "ನೀನು ಹೇಗಿದ್ದೀಯೆ? ನಿನ್ನ ಕಣ್ಣು ತೋರಿಸಿದೆಯಾ? ಕಳೆದ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದೆ?" ಎಂದು ಕೇಳುವುದಿಲ್ಲ. ಕೇಳಿದರೂ "ಚೆನ್ನಾಗಿದ್ದೇನೆ" ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಬಿಡಬಾರದು. ಹಣ್ಣಿಗಿಂತ ಮೇಲಾದ ಉಡುಗೊರೆಯೊಂದಿದೆ: ಆ ಕೆಲಸವನ್ನು ಕಲಿಯುವುದು. ಆರು ದಿನ ಸಾಕು, ಅರವತ್ತೈದರ ನನಗೇ ಸಾಕಾಯಿತು. ಅದೂ ಕಷ್ಟ ಬಂದ ಮೇಲಲ್ಲ, ಬರುವ ಮೊದಲೇ ಕಲಿಯಬೇಕು.

ಹೊರಟ ದಿನ ಮಳೆ ಸ್ವಲ್ಪ ಹೊಳವಾಗಿತ್ತು. ಅಕ್ಕಯ್ಯ ಹಪ್ಪಳದ ಕಟ್ಟು ತಂದು ಕೊಟ್ಟಳು. ಅಟ್ಟದ ಡಬ್ಬಿಯಲ್ಲಿ ಎರಡು ವರ್ಷದಿಂದ ಉಳಿದದ್ದಲ್ಲ, ಪಕ್ಕದ ಮನೆಯವರೊಡನೆ ಕುಳಿತು ಈ ಬೇಸಿಗೆಯಲ್ಲಿ ಮಾಡಿದ್ದು. ಭಾವ ಜಗುಲಿಯ ಕಂಬ ಹಿಡಿದು ಅಂಗಳದವರೆಗೆ ಬಂದು ಕೇಳಿದರು:

"ಮಳೆ ನೋಡಿದೆಯಾ?"

"ನೋಡಿದೆ ಭಾವ" ಎಂದೆ.

ಮಂಡಗದ್ದೆಯಲ್ಲಿ ಬಸ್ಸು ಸಾಗುವಾಗ ಮತ್ತೆ ಕತ್ತು ತಿರುಗಿಸಿದೆ. ನೀರು ಸ್ವಲ್ಪ ಇಳಿದಿತ್ತು. ಹಕ್ಕಿಗಳು ಇನ್ನೂ ಗೂಡಿನಲ್ಲೇ ಇದ್ದವು. ಒಂದು ಹಕ್ಕಿ ಹಾರಿ ಬಂದು ಗೂಡಿನ ಅಂಚಿಗೆ ಇಳಿಯಿತು. ಅದುವರೆಗೆ ಮರಿಗಳ ಮೇಲೆ ಕುಳಿತಿದ್ದ ಇನ್ನೊಂದು ಎದ್ದು, ರೆಕ್ಕೆ ಕೊಡವಿ, ನದಿಯ ಕಡೆಗೆ ಹಾರಿ ಹೋಯಿತು.